ರೋಲರ್ ಸಾಬರ ನೆಲ

ರೋಲರ್ ಸಾಬರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ನರಸಿಂಹರಾಜಪುರದ ಬಸ್ಸಿನ ಕಂಡಕ್ಟರ್. ಕೊಪ್ಪದ ಸ್ಟ್ಯಾಂಡಿನಲ್ಲಿ ಟಿಕೇಟು ಹರಿಯುತ್ತಲೇ, "ನಿಮ್ಮ ಸಾಬ್ರು ಹೋದ್ರಂತಲ್ಲ ರೈಟ್ರೇ, ನಿನ್ನೆ ಮಣ್ಣಾತಂತೆ" ಎಂದ. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. 'ನಿಮ್ಮ ಸಾಬ್ರು' ಅಂತೆ! ಅವರು ಯಾವತ್ತು ನನ್ನವರಾಗಿದ್ದರು? ಆಮೇಲೆ ಬಂದದ್ದು, ಇದನ್ನು ಮನೆಯಲ್ಲಿ ಹೇಗೆ ಹೇಳುವುದು ಎಂಬ ಚಿಂತೆ. ನಾನು ಸತ್ತರೆ ನನ್ನ ಹೆಂಡತಿ ಅಳುತ್ತಾಳೋ ಇಲ್ಲವೋ ಗೊತ್ತಿಲ್ಲ, ಸಾಬರಿಗೆ ಅಳುತ್ತಾಳೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಅತ್ತಳು ಕೂಡ. ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲುವವರೆಗೆ ಅತ್ತಳು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಈಗಾಗಲೇ ಎಲ್ಲರ ಬಾಯಲ್ಲೂ ಇರುವುದನ್ನು ನಾನು ಬೇರೆ ಬರೆದು ದೊಡ್ಡದು ಮಾಡುವುದು ಬೇಡ.

ನಾನು ಬೇಗಾರಿನವನು. ಎಪ್ಪತ್ತರ ದಶಕದಲ್ಲಿ ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದೆ. ರೈಟರ್ ಎಂದರೆ ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಕೆಲಸ ಹಂಚಿ, ಸಂಜೆ ಧಣಿಗಳಿಗೆ ವರದಿ ಒಪ್ಪಿಸುವವನು. ಹನ್ನೆರಡು ವರ್ಷ ಒಂದು ದಿನ ತಪ್ಪದೆ ಒಪ್ಪಿಸಿದೆ. ಧಣಿಗಳು ಒಳ್ಳೆಯವರೇ. ಆದರೆ ಅವರಿಗೆ ವಿಮಾನದ ಹುಚ್ಚು. ಪ್ರಾಯದಲ್ಲಿ ಬೆಂಗಳೂರಿನಲ್ಲಿ ವಿಮಾನ ಓಡಿಸಲು ಕಲಿತಿದ್ದರಂತೆ. ಎಲ್ಲಿಂದಲೋ ಎರಡು ಸೀಟಿನ ಒಂದು ಹಳೆಯ ವಿಮಾನವನ್ನು ಕೊಂಡು ತಂದರು. ಮುಂದೆ ಧಣಿ, ಹಿಂದೆ ಇನ್ನೊಬ್ಬರು, ಅಷ್ಟೇ ಜಾಗ. ಅದು ಇಳಿಯಲು, ಏರಲು ನೆಲ ಬೇಕಲ್ಲ? ಬಂಗಲೆಯ ಹಿಂದಿನ ಹುಲ್ಲಿನ ಬ್ಯಾಣವನ್ನು ಸಮ ಮಾಡಿಸಲು ಹೊರಟರು. ಆಗ ನಮ್ಮ ರಸ್ತೆಗೆ ಡಾಂಬರು ಹಾಕುತ್ತಿದ್ದ ಕಂಟ್ರಾಕ್ಟರನಿಂದ ರೋಲರನ್ನು ಮೂರು ವಾರಕ್ಕೆ ಕೇಳಿ ತಂದರು. ರೋಲರಿನ ಜೊತೆಗೆ ಅದನ್ನು ಓಡಿಸುವ ಸಾಬರೂ ಬಂದರು. ಮೂರು ವಾರದ ನಂತರ ರೋಲರ್ ವಾಪಸು ಹೋಯಿತು, ಸಾಬರು ಹೋಗಲಿಲ್ಲ.

ಕುಳ್ಳ ಆಳು, ಮದರಂಗಿ ಹಾಕಿದ ಗಡ್ಡ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಕುತ್ತಿಗೆಗೊಂದು ಬಿಳಿ ಟವೆಲು. ಓದು ಬರಹ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ, ಆ ಶಾಯಿಯನ್ನು ನನ್ನ ಮೇಜಿನ ಅಂಚಿಗೇ ಒರೆಸಿ ಹೋಗುತ್ತಿದ್ದರು. ಮಹಾ ಬಡಾಯಿಕೋರ. ಹರಿಹರಪುರದ ರಸ್ತೆಗೆ ತಾನು ರೋಲರ್ ಹೊಡೆದ ಮೇಲೆ ಮಂತ್ರಿಗಳು ಕಾರು ನಿಲ್ಲಿಸಿ, "ಯಾರಪ್ಪಾ ಇದು, ಹೊಟ್ಟೇಲಿರೋ ನೀರೂ ಅಲುಗ್ಲಿಲ್ಲ" ಎಂದರಂತೆ. ಈ ಕಥೆಯನ್ನು ಅವರು ನನಗೆ ನಲವತ್ತು ಸಲವಾದರೂ ಹೇಳಿರಬೇಕು. ಪ್ರತಿ ಸಲವೂ ಮಂತ್ರಿ ಬೇರೆ.

ಸಾಬರ ಕೆಲಸ ಆ ನೆಲವನ್ನು ನೋಡಿಕೊಳ್ಳುವುದು. ಧಣಿ ವಿಮಾನ ಏರುವ ಮುಂಚೆ ಅವರು ಬಂಗಲೆಯ ಕಡೆಯ ತುದಿಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಆಚೆ ತುದಿಯವರೆಗೆ ನಡೆಯುತ್ತಿದ್ದರು. ನೆಲ ನೋಡುತ್ತಿರಲಿಲ್ಲ. ಮುಖ ಮೇಲೆತ್ತಿ, ಎಲ್ಲೋ ನೋಡುತ್ತಾ, ಪಾದ ಮಾತ್ರ ಊರಿ ಊರಿ ನಡೆಯುವುದು. ಆಚೆ ತುದಿ ಮುಟ್ಟಿ ಟವೆಲನ್ನು ಎತ್ತಿ ಬೀಸಿದರೆ ನೆಲ ಸರಿ ಇದೆ ಎಂದರ್ಥ. ಧಣಿ ಕೈ ಎತ್ತಿ, "ನೀವು ಹೇಳಿದ್ಮೇಲೆ ಮುಗೀತು ಸಾಬ್ರೇ!" ಎಂದು ಕೂಗಿ ಇಂಜಿನ್ನು ಜೋರು ಮಾಡುತ್ತಿದ್ದರು. ಅಷ್ಟು ದೂರಕ್ಕೆ ಅದು ಕೇಳುತ್ತಿರಲಿಲ್ಲ. ಆದರೂ ಕೂಗುತ್ತಿದ್ದರು. ಪಕ್ಕದಲ್ಲೇ ನಿಂತ ನನಗೆ ಮಾತ್ರ ಚೆನ್ನಾಗಿ ಕೇಳುತ್ತಿತ್ತು.

ನೀವು ಹೇಳಿದ್ಮೇಲೆ ಮುಗೀತು. ಈ ಮಾತನ್ನು ಧಣಿ ಹನ್ನೆರಡು ವರ್ಷದಲ್ಲಿ ನನಗೆ ಒಂದು ಸಲ ಹೇಳಿದ್ದರೆ ಕೇಳಿ. ನಾನು ಎಂಬತ್ತು ಆಳು ಎಂದರೆ ಅವರು ಎಣಿಸಿ ನೋಡುತ್ತಿದ್ದರು. ಗೊಬ್ಬರ ಹಾಕಿ ಆಯಿತು ಎಂದರೆ ಜೀಪು ಹತ್ತಿ ಹೋಗಿ ಗಿಡದ ಬುಡ ಕೆದಕುತ್ತಿದ್ದರು. ನಿನ್ನೆ ಮೊನ್ನೆ ಬಂದ, ಸಹಿ ಹಾಕಲು ಬಾರದ ಮನುಷ್ಯ ಟವೆಲು ಬೀಸಿದರೆ ಮಾತ್ರ ತಮ್ಮ ಜೀವವನ್ನೇ ಅದರ ಮೇಲೆ ಇಡುತ್ತಿದ್ದರು. ಹೊಟ್ಟೆಕಿಚ್ಚು ಆಗದೆ ಏನಾಗುತ್ತದೆ? ನಾನೇನು ಋಷಿಯೇ?

ಒಂದು ಸಲ ಇಂಜಿನ್ನು ತಿರುಗುತ್ತಿತ್ತು, ಧಣಿ ಕಾಯುತ್ತಿದ್ದರು. ಸಾಬರು ನಡುದಾರಿಯಲ್ಲಿ ನಿಂತುಬಿಟ್ಟರು. ಟವೆಲೂ ಇಲ್ಲ, ಏನೂ ಇಲ್ಲ. ಏನೆಂದು ನಾವು ಓಡಿ ಹೋದರೆ, ಹೆಬ್ಬೆರಳಲ್ಲಿ ಹುಲ್ಲು ಕೆದಕುತ್ತಿದ್ದರು. ಕೆಳಗೆ ಹೆಗ್ಗಣದ ಬಿಲ, ಕೈ ಹಾಕಿದರೆ ನನ್ನ ಮೊಣಕೈವರೆಗೆ ಒಳಗೆ ಹೋಯಿತು. ಅದೇ ಬೆಳಿಗ್ಗೆ ಅದೇ ಜಾಗದಲ್ಲಿ ನಾನು ಎರಡು ಸಲ ಓಡಾಡಿದ್ದೆ. ನನ್ನ ಮುಖ ನೋಡಿ ಸಾಬರು, "ನೆಲ ಸುಳ್ಳು ಹೇಳಲ್ಲ ರೈಟ್ರೇ, ಚಪ್ಪಲಿ ಹೇಳುತ್ತೆ" ಎಂದು ನಕ್ಕರು. ಧಣಿಯೂ ನಕ್ಕರು. ಆ ಬಿಲಕ್ಕೆ ಕಲ್ಲು ಮಣ್ಣು ತುಂಬಿಸಿ, ಆಳುಗಳು ಕೈಯಲ್ಲೇ ಎಳೆಯುವ ರೋಲರ್ ಕಲ್ಲನ್ನು ಉರುಳಿಸಿದ ಮೇಲೂ ಸಾಬರು ಆ ಜಾಗದ ಸುತ್ತ ಗೂಟ ಹೊಡೆದು, ಮಳೆಗಾಲ ಮುಗಿಯುವವರೆಗೆ ವಿಮಾನದ ಚಕ್ರ ಅಲ್ಲಿ ಹಾಯಲು ಬಿಡಲಿಲ್ಲ. "ತುಂಬಿಸಿದ ಮಣ್ಣು ಒಂದು ಮಳೆಗಾಲ ಕಳೀದೆ ನಂಬಬಾರ್ದು" ಎಂದರು. ಧಣಿ ತಲೆ ಆಡಿಸಿದರು.

ದನಗಳ ಕಥೆ ಇನ್ನೊಂದು. ಬೆಚ್ಚಗಿರುತ್ತದೆಂದು ಊರಿನ ದನಗಳೆಲ್ಲ ಬಂದು ಆ ನೆಲದ ಮೇಲೆ ಮಲಗುತ್ತಿದ್ದವು. ನಾನು 'ಇಲ್ಲಿ ದನ ಬಿಡಬಾರದು' ಎಂದು ಚೆಂದದ ಅಕ್ಷರದಲ್ಲಿ ಬೋರ್ಡು ಬರೆಸಿ ನೆಡಿಸಿದೆ. ದನಗಳು ಅದಕ್ಕೆ ಮೈ ಉಜ್ಜಿ ಉಜ್ಜಿ ವಾರದಲ್ಲಿ ಬೀಳಿಸಿದವು. ಸಾಬರು ಪ್ರತಿಯೊಂದು ದನದ ಹೆಸರು ಕೇಳಿ ತಿಳಿದುಕೊಂಡು, "ಏಳೇ ಗೌರಿ, ಏಳವ್ವಾ ಕಾವೇರಿ, ಧಣಿ ಬಂದ್ರು" ಎಂದು ಮನೆ ಹೆಂಗಸರನ್ನು ಎಬ್ಬಿಸಿದ ಹಾಗೆ ಎಬ್ಬಿಸುತ್ತಿದ್ದರು. ಅವು ಏಳುತ್ತಿದ್ದವು. ಇದನ್ನು ನೋಡಿದ ನನ್ನ ಹೆಂಡತಿ, "ಎಂಥ ಜನ ಮಾರಾಯ್ರೇ ಅವರು! ನೀವು ಕರೆದ್ರೆ ನಮ್ಮನೆ ಬೆಕ್ಕೂ ಬರಲ್ಲ" ಎಂದಳು. ಮಾವಿನ ಮಿಡಿ ಉಪ್ಪಿನಕಾಯಿ ಹಾಕಿದಾಗೆಲ್ಲ ಮೊದಲ ಭರಣಿ ಸಾಬರಿಗೆ ಹೋಗುತ್ತಿತ್ತು.

ನನಗೆ ವಿಮಾನದಲ್ಲಿ ಒಮ್ಮೆ ಕೂರಬೇಕೆಂಬ ಆಸೆಯಿತ್ತು. ಮೂರು ಸಲ ಕೇಳಿದೆ. "ಮುಂದಿನ ಸಲ ರೈಟ್ರೇ" ಎಂದರು ಧಣಿ. ಸಾಬರನ್ನು ಮಾತ್ರ ಅವರೇ ಕರೆದರು, ಕೈ ಹಿಡಿದು ಕರೆದರು. ಸಾಬರೋ, "ನಾ ಮೇಲೆ ಹೋದ್ರೆ ನೆಲ ನೋಡೋರ್ಯಾರು ಧಣಿ?" ಎಂದುಬಿಟ್ಟರು. ನಾನು ಬೇಡಿಯೂ ಸಿಗದಿದ್ದನ್ನು ಅವರು ಬೇಡ ಎಂದರಲ್ಲ, ಅದನ್ನು ನಾನು ಇಂದಿಗೂ ಮರೆತಿಲ್ಲ.

ಒಂದು ವರ್ಷ ಬೇಸಿಗೆಯ ಕೊನೆಯಲ್ಲಿ ಸಾಬರ ಒಬ್ಬಳೇ ಮಗಳ ಮದುವೆ ನಿಶ್ಚಯವಾಯಿತು. ಅವರ ಮನೆ ಇದ್ದ ನರಸಿಂಹರಾಜಪುರದಲ್ಲೇ ಮದುವೆ. ಮೂರು ದಿನದ ರಜೆ. ಹೊರಡುವ ದಿನ ಟವೆಲನ್ನು ತೊಳೆದು ಮಡಚಿ ನನ್ನ ಕೈಗೆ ಕೊಟ್ಟರು.

"ಮೂರು ದಿನ ನಿಮ್ಮದು ರೈಟ್ರೇ. ಮಳೆ ಬಂದ್ರೆ ಬರ್ಲಿ. ನೀರು ಹರಿದ್ರೆ ಹರೀಲಿ. ಗುದ್ದಲಿ ಮಾತ್ರ ಮುಟ್ಬೇಡಿ. ನಾ ಬಂದು ನೋಡ್ಕೋತೀನಿ."

"ಆತು ಮಾರಾಯ್ರೇ, ನನಗೂ ಎರಡು ಕಾಲಿದೆ" ಎಂದೆ.

"ಕಾಲಿದೆ. ಬೂಟೂ ಇದೆಯಲ್ಲ" ಎಂದು ಹೋದರು.

ಎರಡನೇ ದಿನ ಸಂಜೆ ಗುಡುಗಿ ಮಳೆ ಹೊಯ್ದಿತು. ನಾನು ಕೊಡೆ ಹಿಡಿದು ನೋಡಲು ಹೋದೆ. ಮೇಲಿನ ಗುಡ್ಡದ ನೀರು ನೆಲದ ಆಚೆ ತುದಿಯಲ್ಲಿ ಅಡ್ಡಡ್ಡ ಹರಿದು, ಕೆಂಪು ಮಣ್ಣನ್ನು ಕೊಚ್ಚುತ್ತಿತ್ತು. ಮಲೆನಾಡಿನಲ್ಲಿ ಹುಟ್ಟಿದವನು ಕೊಚ್ಚಿ ಹೋಗುವ ಮಣ್ಣನ್ನು ನೋಡುತ್ತಾ ಸುಮ್ಮನೆ ನಿಲ್ಲುವುದುಂಟೆ? ನಮಗೆ ನಡೆಯಲು ಬರುವ ಮೊದಲೇ ಕಣಿ ತೆಗೆಯಲು ಬರುತ್ತದೆ. ಗದ್ದೆಗಿರಲಿ, ತೋಟಕ್ಕಿರಲಿ, ಅಂಗಳಕ್ಕಿರಲಿ, ಮಳೆ ಬಂತೆಂದರೆ ನೀರಿಗೊಂದು ಸಣ್ಣ ಕಾಲುವೆ ತೆಗೆದು ದಾರಿ ತೋರಿಸಬೇಕು. ಅದು ನಮ್ಮ ಕೈಗಂಟಿದ ಚಾಳಿ. ಸಾಬರ ಮಾತು ನೆನಪಾಯಿತು. ಅದು ನೆನಪಾದದ್ದಕ್ಕೇ ಹಟ ಬಂತು. ಇವರಿಂದ ನಾನು ನೀರಿನ ಪಾಠ ಕಲಿಯಬೇಕೇ? ಗುದ್ದಲಿ ತಂದು ನಾನೇ ಅಡ್ಡಕ್ಕೊಂದು ಕಣಿ ಹೊಡೆದೆ. ಒಂದು ಮೊಳ ಅಗಲ, ಒಂದು ಗೇಣು ಆಳ. ನೀರು ಹೇಳಿದ ಮಾತು ಕೇಳಿತು. ಅರ್ಧ ಗಂಟೆಯಲ್ಲಿ ನೆಲವೆಲ್ಲ ಬಸಿದು ಹೋಯಿತು. ಅಂಥ ಚೆಂದದ ಕಣಿಯನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲು. ಧಣಿ ಆಫೀಸಿಗೆ ಬಂದು, "ರೈಟ್ರೇ, ಇವತ್ತು ಮೇಲೆ ಹೋಗೋಣ, ನೀವೂ ಬನ್ನಿ" ಎಂದರು. ನಾನು ಹಾಜರಿ ಪುಸ್ತಕ ಮುಚ್ಚಿ ಎದ್ದು ನಿಂತೆ. ಆಮೇಲೆ ಕಾರಣ ಹೇಳಿದರು. ಸಾಬರ ಮಗಳ ಮದುವೆಯಲ್ಲವೇ, ಹನ್ನೊಂದು ಗಂಟೆಗೆ ಅವರ ಮನೆಯ ಮೇಲೆ ಒಂದು ಸುತ್ತು ಹೊಡೆದು ಹೂ ಚೆಲ್ಲಬೇಕಂತೆ. ಮೇಲೆ ನೋಡುತ್ತಿರಿ ಎಂದು ಹೇಳಿಯೂ ಕಳಿಸಿದ್ದಾರಂತೆ. ಹೂವಿನ ಬುಟ್ಟಿ ಹಿಡಿದುಕೊಳ್ಳಲು ಹಿಂದಿನ ಸೀಟಿಗೊಬ್ಬರು ಬೇಕಂತೆ.

ನೋಡಿ, ನನ್ನ ಹಣೆಬರಹ! ಅಷ್ಟು ಕಾಲ ಕಾದು ಸಿಕ್ಕಿದ ವಿಮಾನ, ಅದೂ ಸಾಬರ ಮನೆಗೆ ಹೂ ಹೊರಲು. ಆದರೂ ಹೋಗಲಾರೆ ಎನ್ನಲಿಲ್ಲ. ಓಡಿ ಹೋಗಿ ಆಳುಗಳಿಂದ ಕಣಿಗೆ ಮಣ್ಣು ತುಂಬಿಸಿ, ತುಳಿಸಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿ, ರೋಲರ್ ಕಲ್ಲನ್ನು ನಾಲ್ಕು ಸಲ ಎಳೆಸಿದೆ. ಕಣಿ ಇತ್ತೆಂದು ನನಗೇ ಗುರುತು ಸಿಗಲಿಲ್ಲ. ಹೆಂಡತಿ ಹಿತ್ತಲಿನ ಕನಕಾಂಬರ, ದಾಸವಾಳ ಎಲ್ಲ ಕೊಯ್ದು ಬುಟ್ಟಿ ತುಂಬಿಸಿದಳು. ನಾನು ಹೊಸ ಬೂಟು ಹಾಕಿಕೊಂಡೆ.

"ನೆಲ ಹೇಗಿದೆ ರೈಟ್ರೇ? ನಿನ್ನೆ ಮಳೆ ಬಂತಲ್ಲ" ಎಂದರು ಧಣಿ.

"ಕಲ್ಲಿನ ಹಾಗಿದೆ ಧಣಿ."

"ಸರಿಯಾಗಿ ನೋಡಿದ್ರಾ?"

"ನೋಡಿದೆ."

"ನಡೆದು ನೋಡಿದ್ರಾ?"

ಮೂರು ಸಲ! ಸಾಬರನ್ನು ಯಾವತ್ತಾದರೂ ಮೂರು ಸಲ ಕೇಳಿದ್ದರೇ? ಮೈಯೆಲ್ಲ ಉರಿಯಿತು. "ಈಗ ಮತ್ತೆ ನಡೀತೀನಿ, ನೋಡಿ" ಎಂದು ಹೊರಟೆ. ಬೂಟು ಬಿಚ್ಚಲಿಲ್ಲ. ಸಾಬರ ಹಾಗೆಯೇ ಮುಖ ಮೇಲೆತ್ತಿ ನಡೆದೆ. ತುಂಬಿಸಿದ ಕಣಿಯ ಮೇಲೂ ಕಾಲಿಟ್ಟೆ. ಬೂಟಿಗೆ ಏನೂ ತಿಳಿಯಲಿಲ್ಲ. ಆಚೆ ತುದಿಯಲ್ಲಿ ಟವೆಲು ಎತ್ತಿ ಬೀಸಿ, ಮತ್ತೆ ಅಷ್ಟುದ್ದವೂ ಓಡಿ ಬಂದು ಏದುಸಿರು ಬಿಡುತ್ತಾ ಹಿಂದಿನ ಸೀಟು ಹತ್ತಿದೆ. ಧಣಿ ಏನೂ ಕೂಗಲಿಲ್ಲ.

ವಿಮಾನ ಓಡತೊಡಗಿತು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಕುಲುಕಾಟ ಕಡಿಮೆಯಾಯಿತು, ಹಿಂದಿನ ಬಾಲ ಎದ್ದಿತು. ಇನ್ನೇನು ನೆಲ ಬಿಡಬೇಕು, ಅಷ್ಟರಲ್ಲಿ ಆಚೆ ತುದಿ ಬಂತು. ಗುಂಡಿಗೆ ಕಾಲು ಸಿಕ್ಕ ಎತ್ತಿನ ಹಾಗೆ ವಿಮಾನ ಬಲಕ್ಕೆ ಮುಗ್ಗರಿಸಿತು. ತಿರುಗಿ, ಮೂಗು ಊರಿ, ಅಂಚಿನ ಹುತ್ತಕ್ಕೆ ಹೋಗಿ ಗುದ್ದಿತು. ಆಮೇಲೆ ಸದ್ದೇ ಇಲ್ಲ. ನನ್ನ ಬಾಯ ತುಂಬ ಹೂವಿತ್ತು, ಮುಂದಿನ ಒಂದು ಹಲ್ಲು ಇರಲಿಲ್ಲ.

"ಇಳೀರಿ ರೈಟ್ರೇ, ಪೆಟ್ರೋಲ್ ವಾಸನೆ" ಎಂದರು ಧಣಿ. ಅವರ ಕಾಲು ಸಿಕ್ಕಿಕೊಂಡಿತ್ತು. ಎಳೆದು ಹೊರಗೆ ತಂದವನು ನಾನೇ. ಇದನ್ನು ಆಮೇಲೆ ಯಾರೂ ನೆನಪಿಸಿಕೊಳ್ಳಲಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ಜೀಪಿನಲ್ಲಿ ಕೊಪ್ಪದ ಆಸ್ಪತ್ರೆಗೆ ಹೋದೆವು. ಧಣಿಯ ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಸಂಜೆ ನಾಲ್ಕರ ಹೊತ್ತಿಗೆ ಸಾಬರು ಬಂದರು. ಮದುವೆಯ ಬಿಳಿ ಬಟ್ಟೆ, ವಾರ್ಡು ತುಂಬುವಷ್ಟು ಅತ್ತರಿನ ಪರಿಮಳ. ಹನ್ನೊಂದು ಗಂಟೆಗೆ ಮದುವೆಯ ಮಂದಿಯನ್ನೆಲ್ಲ ಬೀದಿಯಲ್ಲಿ ನಿಲ್ಲಿಸಿ ಆಕಾಶ ನೋಡಿ, ವಿಮಾನ ಬಾರದಿದ್ದಾಗ ಊಟಕ್ಕೂ ಕೂರದೆ ಹೊರಟು ಬಂದಿದ್ದರು. ನಾನು ಅವರ ಕಾಲು ನೋಡಿದೆ. ಬರಿಗಾಲು, ಗಂಟಿನವರೆಗೆ ಕೆಂಪು ಮಣ್ಣು. ಅವರು ಮೊದಲು ಆಸ್ಪತ್ರೆಗೆ ಬಂದಿರಲಿಲ್ಲ, ನೆಲದ ಹತ್ತಿರ ಹೋಗಿದ್ದರು. ಕಣಿಯನ್ನು ನೋಡಿದ್ದರು. ನನ್ನ ಕಡೆ ತಿರುಗಲಿಲ್ಲ, ಮಂಚದ ಕೆಳಗಿದ್ದ ನನ್ನ ಬೂಟನ್ನು ಒಂದು ಗಳಿಗೆ ನೋಡಿದರು. ಇವತ್ತಿಗೆ ನನ್ನ ಕೆಲಸ ಹೋಯಿತು, ಮರ್ಯಾದೆಯೂ ಹೋಯಿತು ಎಂದುಕೊಂಡೆ.

"ಹೆಗ್ಗಣದ ಬಿಲ ಧಣಿ," ಎಂದರು ಸಾಬರು. "ಹೋಗೋ ಮೊದ್ಲೇ ನೋಡ್ಬೇಕಿತ್ತು. ಮದುವೆ ಗಡಿಬಿಡೀಲಿ ನೋಡ್ಲಿಲ್ಲ. ತಪ್ಪು ನಂದು."

ಧಣಿ ಅವರ ಕೈ ಹಿಡಿದುಕೊಂಡರು. "ಇರಲಿ ಬಿಡಿ ಸಾಬ್ರೇ. ನೀವು ಹೇಳಿದ್ಮೇಲೆ ಮುಗೀತು."

ಆಗ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಎರಡು ದಿನ ಒದ್ದಾಡಿದೆ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ಇದು, ಹೋಗಿ ಹೇಳಿ ಬನ್ನಿ" ಎಂದು ಹೆಂಡತಿ ಬೆನ್ನು ಹತ್ತಿದಳು. ಮೂರನೇ ದಿನ ಹೋಗಿ ಧಣಿಗೆ ಎಲ್ಲ ಹೇಳಿದೆ. ಕಣಿ ಹೊಡೆದವನು ನಾನು, ಮುಚ್ಚಿದವನು ನಾನು, ಬೂಟು ಹಾಕಿ ನಡೆದವನು ನಾನು. ಧಣಿ ಪೂರ್ತಿ ಕೇಳಿ ನಕ್ಕರು. "ಒಳ್ಳೆಯವರು ರೈಟ್ರೇ ನೀವು. ಸಾಬ್ರನ್ನ ಉಳಿಸೋಕೆ ಹೀಗೆ ಹೇಳ್ತೀರಿ. ನಾನು ಅವರನ್ನು ಕೆಲಸದಿಂದ ತೆಗೆಯಲ್ಲ, ಹೆದರ್ಬೇಡಿ" ಎಂದರು. ಹನ್ನೆರಡು ವರ್ಷದಲ್ಲಿ ನಾನು ಕೊಟ್ಟ ಒಂದೇ ಒಂದು ನಿಜವಾದ ವರದಿಯನ್ನೂ ಅವರು ನಂಬಲಿಲ್ಲ.

ಸಿಟ್ಟಿನಲ್ಲಿ ಸಾಬರ ಬಳಿಗೇ ಹೋದೆ. ಮುರಿದ ವಿಮಾನದ ಪಕ್ಕ ಕೂತು ಬೀಡಿ ಸೇದುತ್ತಿದ್ದರು.

"ಎಂತಕ್ಕೆ ಸುಳ್ಳು ಹೇಳಿದ್ರಿ ಮಾರಾಯ್ರೇ? ನಾನೇನು ನಿಮ್ಮ ಹತ್ರ ಬೇಡಿದ್ನಾ?"

"ನಿಮಗೋಸ್ಕರ ಹೇಳಿದೆ ಅಂದ್ಕೊಂಡ್ರಾ?" ಅವರಿಗೂ ಸಿಟ್ಟು ಬಂದಿತ್ತು. "ಈ ನೆಲ ನಂದು ರೈಟ್ರೇ. ಒಂದೊಂದು ಕಲ್ಲೂ ನಾನು ಕೂರಿಸಿದ್ದು. ಇದರ ಮೇಲೆ ನಿಮ್ಮ ತಪ್ಪು ಹೆಂಗಾಗುತ್ತೆ? ಆದ್ರೆ ಅದೂ ನಂದೇ."

ಕೇಳಿದಿರಾ? ಹೆಸರು ಅವರದು, ನಂಬಿಕೆ ಅವರದು, ಉಪ್ಪಿನಕಾಯಿ ಅವರದು. ನನ್ನದು ಎನ್ನಲು ಆ ಎಸ್ಟೇಟಿನಲ್ಲಿ ಒಂದು ತಪ್ಪಿತ್ತು. ಅದನ್ನೂ ಅವರೇ ಇಟ್ಟುಕೊಂಡರು.

ತಿಂಗಳೊಳಗೆ ಯಾರು ಎಷ್ಟು ಹೇಳಿದರೂ ಕೇಳದೆ ಕೆಲಸ ಬಿಟ್ಟು ಹೊರಟರು. ಟವೆಲನ್ನು ವಾಪಸು ಕೊಡಲು ಹೋದೆ. "ಇಟ್ಕಳಿ, ಇನ್ನು ನಿಮ್ಮದೇ" ಎಂದರು. ಮುರಿದ ವಿಮಾನವನ್ನು ಧಣಿ ಲಾರಿಯಲ್ಲಿ ತುಂಬಿಸಿ ಕಳಿಸಿದರು. ಧಣಿ ಮತ್ತೆ ಹಾರಲಿಲ್ಲ. ಹೀಗೆ ಆ ನೆಲ ನನ್ನ ಕೈಗೆ ಬಂತು. ಎರಡು ಮಳೆಗಾಲದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆಯಿತು. ಆಮೇಲೆ ಸಿಲ್ವರ್ ಓಕ್ ನೆಟ್ಟರು. ಸಾಬರು ಅಳಿಯನ ಸೈಕಲ್ ಅಂಗಡಿಯಲ್ಲಿ ಕೂರುತ್ತಿದ್ದರು. ಸಂತೆಗೆ ಹೋದಾಗ ಎದುರು ಸಿಕ್ಕರೆ ಮೊದಲು ನನ್ನ ಕಾಲು ನೋಡಿ, ಆಮೇಲೆ ಮುಖ ನೋಡಿ, "ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ಮಂತ್ರಿಯ ಕಥೆ ಮುಂದುವರಿದಿತ್ತು.

ಸುದ್ದಿ ತಿಳಿದ ಮರುದಿನ ನರಸಿಂಹರಾಜಪುರಕ್ಕೆ ಹೊರಟಾಗ ಹೆಂಡತಿ ಅಡಿಕೆ ಹಾಳೆಯಲ್ಲಿ ಏನೋ ಕಟ್ಟಿ ಕೊಟ್ಟಳು. ಬಸ್ಸಿನಲ್ಲಿ ಬಿಚ್ಚಿ ನೋಡಿದರೆ ಕನಕಾಂಬರ, ದಾಸವಾಳ. ಬಾಗಿಲು ತೆರೆದವಳು ಸಾಬರ ಮಗಳು. ಅತ್ತು ಅತ್ತು ಕಣ್ಣು ಬಾತಿತ್ತು. ನಾನು ಹಾಳೆಯ ಕಟ್ಟನ್ನು ಮುಂದೆ ಹಿಡಿದೆ. ಅವಳು ಬಿಚ್ಚಿ ನೋಡಿ, ಅಳುವಿನ ನಡುವೆಯೇ ನಕ್ಕುಬಿಟ್ಟಳು.

"ಅವತ್ತಿಂದ ನೋಡ್ತಿದ್ದೆ. ಈಗ ಬಂದು ಮುಟ್ತಾ ನಿಮ್ಮ ಹೂವು?"

ಚಹಾ ಕೊಟ್ಟಳು. ಲೋಟ ಕೆಳಗಿಡುವಾಗ ಕೇಳಬಾರದೆಂದುಕೊಂಡರೂ ಕೇಳಿದೆ. "ಅಪ್ಪ ನನ್ನ ವಿಷಯ ಏನಾದ್ರೂ ಹೇಳ್ತಿದ್ರೇನಮ್ಮಾ?"

"ಹೇಳ್ದೆ ಏನು? ಆ ಕಣೀ ವಿಷ್ಯ ಎಷ್ಟ್ ಸಲ ಹೇಳಿದಾರೋ. 'ರೈಟ್ರು ಕಣಿ ತೆಗೆದಿದ್ದು ಸರಿಯಾದ ಜಾಗದಲ್ಲೇ. ಶುರುವಿಗೇ ನಾನು ಅಲ್ಲೊಂದು ಕಲ್ಲಿನ ಮೋರಿ ಕಟ್ಟಿಸ್ಬೇಕಿತ್ತು, ಹೊಳೀಲಿಲ್ಲ. ಅವರಿಗೆ ತೆಗೆಯೋಕೆ ಬಂತು, ಮುಚ್ಚೋಕೆ ಬರ್ಲಿಲ್ಲ' ಅಂತಿದ್ರು."

ಸರಿಯಾದ ಜಾಗದಲ್ಲೇ. ಇಷ್ಟನ್ನು ನನ್ನ ಮುಖಕ್ಕೆ ಒಂದು ಸಲ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಸಂತೆಯಲ್ಲಿ ಅಷ್ಟು ಸಲ ಸಿಕ್ಕಿದ್ದರಲ್ಲ! ಕಣ್ಣು ಒರೆಸಿಕೊಂಡೆ. ಬೈಯಬೇಕೆನಿಸಿತು, ಬೈಸಿಕೊಳ್ಳುವವರು ಇರಲಿಲ್ಲ.

ಅಳಿಯ ನನ್ನನ್ನು ಖಬರಸ್ಥಾನಕ್ಕೆ ಕರೆದುಕೊಂಡು ಹೋದ. ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟೆ. ಹೊಸ ಮಣ್ಣಿನ ದಿಬ್ಬದ ಮೇಲೆ ಹೂ ಹಾಕಿದೆ. ಬದಿಯಲ್ಲಿ ನನ್ನ ಪಾದ ಮೆತ್ತಗೆ ಒಳಗಿಳಿಯಿತು.

"ನಾಳೆ ಮೇಸ್ತ್ರಿ ಬರ್ತಾನೆ," ಎಂದ ಅಳಿಯ. "ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿಬಿಡೋಣ ಅಂತ."

"ನಾಳೆ ಬೇಡ" ಎಂದೆ. "ತುಂಬಿಸಿದ ಮಣ್ಣು. ಕೂರ್ಬೇಕು. ಒಂದು ಮಳೆಗಾಲ ಕಳೀಲಿ."

ಅವನು ಮಣ್ಣನ್ನು ನೋಡಿದ, ನನ್ನ ಬರಿಗಾಲನ್ನು ನೋಡಿದ. ಒಂದು ಸಲವೂ ಎದುರು ಪ್ರಶ್ನೆ ಕೇಳಲಿಲ್ಲ.

"ಸರಿ ರೈಟ್ರೇ. ನೀವು ಹೇಳಿದ್ಮೇಲೆ ಮುಗೀತು."

ಇಷ್ಟು ವರ್ಷ ನಾನು ಕಾದದ್ದು ಇದೊಂದು ಮಾತಿಗೆ. ಕೊನೆಗೂ ಬಂತು. ಕೇಳಿ ಹೊಟ್ಟೆ ಉರಿದುಕೊಳ್ಳಬೇಕಾದವರು ಮಣ್ಣಿನ ಕೆಳಗೆ ಮಲಗಿದ್ದರು.